ದಬ್ಬಣವೂ ನನ್ನ ಎಕ್ಸ್‌ಕ್ಲೂಸಿವ್ ಕಾದಂಬರಿಯೂ

ನಮ್ಮ ಅಂಗಡಿಯಲ್ಲಿ ನೂರೆಂಟು ನಮೂನೆಯ ಸೂಜಿಗಳಿವೆ. ಬಳ್ಳಾರಿಯ ಗಾಂಧಿನಗರದಲ್ಲಿ ನಾನೂ ನಮ್ಮ ಯಜಮಾನರೂ ಜಿಪ್ಪು, ಗುಂಡಿ, ದಾರ, ಸೂಜಿಗಳ ವ್ಯಾಪಾರ ಮಾಡುತ್ತೇವೆ. ಊರಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟುಗಳಿಗೆ ಕೊರತೆಯಿಲ್ಲ, ಹಾಗಾಗಿ ನಮಗೆ ಗಿರಾಕಿಗಳ ಕೊರತೆಯೂ ಇಲ್ಲ. ಯಾವ ಮಷೀನಿಗೆ ಯಾವ ಸೂಜಿ ಅಂತ ಕೇಳಿದರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಡುತ್ತೇನೆ. ಮೊನ್ನೆ ಒಬ್ಬ ಹಿರಿಯರು ಬಂದು, "ದಬ್ಬಣ ಐತೇನವಾ, ಗೋಣಿಚೀಲ ಹೊಲಿಯಾಕ?" ಅಂದರು. "ಇಲ್ರೀ ಅಜ್ಜಾರ" ಅಂದುಬಿಟ್ಟೆ. ಹಸಿ ಸುಳ್ಳು! ಗಲ್ಲಾದ ಕೆಳಗಿನ ಖಾನೆಯಲ್ಲಿ ಒಂದು ದಬ್ಬಣ ಹಳೆಯ ಕುಪ್ಪಸದ ತುಂಡಿನಲ್ಲಿ ಸುತ್ತಿಕೊಂಡು ಮಲಗಿತ್ತು. ಆದರೆ ಅದು ಮಾರುವುದಲ್ಲ. ಅದು ನನಗೆ ಬಂದಿರುವ ಅಡ್ವಾನ್ಸು.

ಲೇಖಕಿಗೆ ಅಡ್ವಾನ್ಸ್ ಅಂತ ದಬ್ಬಣ ಕೊಡುವ ಪ್ರಕಾಶಕರು ಯಾರಮ್ಮಾ ಅಂತ ಹುಬ್ಬೇರಿಸಬೇಡಿ. ಎಲ್ಲಾ ಹೇಳುತ್ತೇನೆ. ಹೇಳದೆ ಇಟ್ಟುಕೊಂಡರೆ ನನಗೇ ಹೊಟ್ಟೆಯುಬ್ಬರ. ನಮ್ಮ ಯಜಮಾನರ ಹತ್ತಿರ ಹೇಳೋಣವೆಂದರೆ, "ಆತಲ್ಲ, ಕೇಳೀನಿ ಅಂದೆನಲ್ಲ" ಅಂತ ಗಿರಾಕಿಯ ಕಡೆ ತಿರುಗಿಬಿಡುತ್ತಾರೆ. ಆದ್ದರಿಂದ ನೀವೇ ಗತಿ.

ನಾನು ಹುಟ್ಟಿ ಬೆಳೆದದ್ದು ಸಿರುಗುಪ್ಪದಲ್ಲಿ, ಅಕ್ಕಿ ಗಿರಣಿಯ ಹಿಂದಿನ ಸಾಲುಮನೆಗಳಲ್ಲಿ. ಅಪ್ಪ ಗಿರಣಿಯ ಲೆಕ್ಕ ಬರೆಯುತ್ತಿದ್ದರು, ನಮ್ಮ ಕಾಕಾ ತೂಕದ ಕಟ್ಟೆಯಲ್ಲಿ ಇರುತ್ತಿದ್ದರು. ಕಾಕಾನ ಹೆಂಡತಿ ಅಂದರೆ ಅವ್ವನ ಸ್ವಂತ ತಂಗಿ. ಆಕೆಯೇ ಸಣ್ಣವ್ವ. ಎರಡು ಮನೆಗಳ ನಡುವೆ ಒಂದೇ ಗೋಡೆ. ಆ ಗೋಡೆಯ ಗೂಡಿನಲ್ಲಿ ಒಂದು ಇಟ್ಟಂಗಿಯನ್ನು ಬೇಕೆಂದೇ ಸಡಿಲ ಮಾಡಿಟ್ಟಿದ್ದರು. ಅವ್ವ ಈ ಕಡೆಯಿಂದ ಉಪ್ಪಿನಕಾಯಿ ಕೊಟ್ಟರೆ ಸಣ್ಣವ್ವ ಆ ಕಡೆಯಿಂದ ವಾರಪತ್ರಿಕೆ ಕೊಡುತ್ತಿದ್ದಳು. ನೆಲ್ಲು ಬೇಯಿಸುವ ವಾಸನೆ ಮೂಗಿಗೆ ಬಂದರೆ ಇವತ್ತಿಗೂ ನನಗೆ ಹಸಿವಾಗುವುದಿಲ್ಲ, ಓದಬೇಕು ಅನ್ನಿಸುತ್ತದೆ.

ವಾರಪತ್ರಿಕೆ ಗುರುವಾರ ಬಳ್ಳಾರಿಯ ಬಸ್ಸಿನಲ್ಲಿ ಬರುತ್ತಿತ್ತು. ಇಡೀ ಸಾಲಿಗೆ ಒಂದೇ ಪ್ರತಿ. ಎಲ್ಲರೂ ಸೇರಿ ಹಾಕಿಸಿಕೊಂಡದ್ದು. ಒಂದನ್ನು ಹತ್ತು ಮನೆ ಓದಬೇಕೆಂದರೆ ಜಗಳವೇ ತಾನೇ? ಅದಕ್ಕೇ ಸಣ್ಣವ್ವ ಒಂದು ಪದ್ಧತಿ ಮಾಡಿದ್ದಳು. ಗುರುವಾರ ಮಧ್ಯಾಹ್ನ ಪಾತ್ರೆ ಬೆಳಗಿ ಎಲ್ಲ ಹೆಂಗಸರೂ ಅವಳ ಪಡಸಾಲೆಗೆ ಬರಬೇಕು. ಧಾರಾವಾಹಿಯನ್ನು ಅವಳು ಗಟ್ಟಿಯಾಗಿ ಓದುತ್ತಾಳೆ. ಓದು ಬಂದವರೂ ಬಾರದವರೂ ಕೂತು ಕೇಳುತ್ತಾರೆ. ಕೇಳುತ್ತಾ ಕೇಳುತ್ತಾ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ. ಕಥೆ ರೋಚಕವಾಗಿದ್ದ ವಾರ ಎಲ್ಲರ ಮನೆಯ ಅನ್ನದಲ್ಲೂ ಕಲ್ಲು ಸಿಗುತ್ತಿತ್ತು. "ಈ ವಾರ ಕತಿ ಚೊಲೊ ಇತ್ತೇನು?" ಅಂತ ಅಪ್ಪ ಹಲ್ಲು ಹಿಡಿದುಕೊಂಡು ಕೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ಓದಿ ಮುಗಿದ ಮೇಲೆ ಸಣ್ಣವ್ವ ಧಾರಾವಾಹಿಯ ಹಾಳೆಗಳನ್ನು ಮಾತ್ರ ಕತ್ತರಿಸಿ ಎತ್ತಿಡುತ್ತಿದ್ದಳು. ಕಥೆ ಮುಗಿದಾಗ ಅವನ್ನೆಲ್ಲ ಜೋಡಿಸಿ, ಚೀಲ ಹೊಲಿಯುವ ದಬ್ಬಣದಿಂದ, ಚೀಲ ಹೊಲಿಯುವ ಸುತಳಿಯಿಂದಲೇ ಹೊಲಿದು, ಮೇಲೊಂದು ರಟ್ಟು ಹಾಕಿ ಪುಸ್ತಕ ಮಾಡುವಳು. ರಟ್ಟಿನ ಮೇಲೆ ಚೀಲಕ್ಕೆ ಮಾರ್ಕು ಹಾಕುವ ನೀಲಿ ಬಣ್ಣದಲ್ಲಿ ಕಥೆಯ ಹೆಸರು. ಅಕ್ಷರಗಳು ಒಂದೊಂದೂ ಅಂಗೈಯಗಲ. ದೂರದಿಂದ ನೋಡಿದವರಿಗೆ ಪುಸ್ತಕವೋ ಸೋನಾ ಮಸೂರಿಯೋ ಗೊತ್ತಾಗುತ್ತಿರಲಿಲ್ಲ.

ಅದರಲ್ಲೊಂದು ಪುಸ್ತಕ ಮಾತ್ರ ಅರ್ಧಕ್ಕೇ ನಿಂತಿತು. ನಾನಾಗ ಐದನೇ ಇಯತ್ತೆಯೋ ಆರನೆಯದೋ. ಕಮಲಾಕ್ಷಿ ಎಂಬ ಹುಡುಗಿಯ ಕಥೆ. ಆಕೆ ಯಾರನ್ನೋ ಕಾಯುತ್ತಾ ಒಂದು ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿದ್ದಾಳೆ. ಗಾಡಿ ಬಂತು. ಬಾಗಿಲು ತೆರೆಯಿತು. ಇಳಿದವರನ್ನು ಕಂಡು ಕಮಲಾಕ್ಷಿಯ ಕೈಯಲ್ಲಿದ್ದ ಚೀಲ ಜಾರಿ ಬಿತ್ತು. ಉಳಿದದ್ದು ಮುಂದಿನ ವಾರ! ಮುಂದಿನ ವಾರ ಬಸ್ಸು ಬಂತು, ಪತ್ರಿಕೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಪತ್ರಿಕೆ ನಿಂತೇಹೋಗಿತ್ತು. ಸಣ್ಣವ್ವ ಆ ಹಾಳೆಗಳನ್ನು ಹೊಲಿಯುವಾಗ ಹಿಂದೆ ಒಂದಿಷ್ಟು ಖಾಲಿ ಹಾಳೆಗಳನ್ನೂ ಸೇರಿಸಿ ಹೊಲಿದಳು. "ಎಂದರ ಬಂದ್ರ ಅಂಟಿಸಾಕ ಜಾಗ ಬೇಕಲ್ಲ" ಅಂದಳು.

ಎಂದೂ ಬರಲಿಲ್ಲ. ಗಾಡಿಯಿಂದ ಇಳಿದವರು ಯಾರು? ಸಣ್ಣವ್ವ ಬಸ್‌ಸ್ಟ್ಯಾಂಡಿನ ಪೇಪರ್ ಏಜೆಂಟನನ್ನು ಕೇಳಿದಳು, ಬೆಂಗಳೂರಿಗೆ ಹೋಗಿಬಂದವರನ್ನು ಕೇಳಿದಳು, ಒಮ್ಮೆ ರೈಲ್ವೆಯಲ್ಲಿ ಕೆಲಸ ಮಾಡುವ ನೆಂಟರನ್ನೂ ಕೇಳಿದಳು! ಅವಳ ಮುಖ ನೋಡಲಾರದೆ ನಾನೇ ಒಂದು ಕೊನೆ ಕಟ್ಟಿ ಹೇಳಿದೆ. "ಇಳಿದಾಕಿ ಆಕಿ ಅಕ್ಕ, ಸಣ್ಣವ್ವ. ಸಣ್ಣಾಕಿದ್ದಾಗ ಕಳದುಹೋಗಿದ್ಲಲ್ಲ." ಸಣ್ಣವ್ವ ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲ" ಅಂದಳು. ಮರುದಿನ ಇನ್ನೊಂದು ಕೊನೆ ತಗೊಂಡು ಹೋದೆ. "ಅಲ್ಲ." ಮದುವೆಯಾಗಬೇಕಿದ್ದ ಹುಡುಗ? "ಅಲ್ಲ." ಪೊಲೀಸರು? "ಅಲ್ಲ." ರೋಸಿಹೋಗಿ ಒಂದು ದಿನ ಹುಲಿ ಅಂದೆ. "ಹುಲಿ ಟಿಕೀಟು ತಗಂಡು ಬಂದಿತ್ತೇನಲೇ?" ಅಂತ ಬೆನ್ನಿಗೊಂದು ಗುದ್ದಿದಳು.

ನಾನು ಬರೆಯುವ ಚಟಕ್ಕೆ ಬಿದ್ದದ್ದು ಹೀಗೆ. ಮದುವೆಯಾಗಿ ಬಳ್ಳಾರಿಗೆ ಬಂದರೂ, ಕೂದಲು ಬೆಳ್ಳಗಾದರೂ ಆ ಆಟ ನಿಲ್ಲಲಿಲ್ಲ. ಸಿರುಗುಪ್ಪಕ್ಕೆ ಹೋದಾಗಲೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಒಂದು ಹೆಸರು ಹೇಳುತ್ತಿದ್ದೆ, ಒಳಗಿನಿಂದ "ಅಲ್ಲ" ಅಂತ ಬರುತ್ತಿತ್ತು. ಆಮೇಲೆಯೇ ನೀರು, ಚಹಾ.

ಅಂತೂ ನಾನೊಂದು ಕಾದಂಬರಿ ಬರೆದೆ. ಹೆಸರು ಹೇಳಿದರೆ ಜಾಹೀರಾತು ಅಂತೀರಿ, ಬೇಡ. ಅಂಗಡಿಯ ಕೌಂಟರಿನಲ್ಲಿ ನಿಂತು ಗಿರಾಕಿಗಳ ನಡುವೆ ಫೋನಿನಲ್ಲೇ ಬರೆದದ್ದು. ಜೀನ್ಸ್ ಯೂನಿಟ್ಟಿನಲ್ಲಿ ಕೆಲಸ ಮಾಡುವ ನೀಲಾ ತನ್ನದೇ ಒಂದು ಯೂನಿಟ್ಟು ತೆರೆಯಲು ಹೊರಡುವ ಕಥೆ. ಮೊದಲ ಕರಡನ್ನು ನಮ್ಮ ನಾದಿನಿ ಗಿರಿಜಾ ಓದಿದಳು. ಆಕೆಯನ್ನು ಕೊಟ್ಟದ್ದು ಕುರುಗೋಡಿಗೆ, ಮಾತು ಮಾತ್ರ ಇಲ್ಲಿಯವರೆಗೂ ಕೇಳಿಸುತ್ತದೆ. "ಅತ್ತಿಗಿ, ಕತಿ ಭಾರಿ ಐತ್ರಿ. ಆದ್ರ ಯಾರರ ಅಳಬೇಕಾದ್ರ ನಡುವ ಯಾಕ ಒಬ್ಬರು ಬಂದು ಜಿಪ್ಪಿನ ರೇಟು ಕೇಳ್ತಾರ?" ಅಂದಳು. ನಿಜ, ಕೇಳಿದ್ದರು. ಗಿರಾಕಿ ಕೇಳಿದ್ದನ್ನೂ ನಾನು ಹೇಳಿದ ಉತ್ತರವನ್ನೂ ಕಥೆಯಲ್ಲೇ ಬರೆದುಬಿಟ್ಟಿದ್ದೆ.

ತಿದ್ದಿ ತೀಡಿ ಒಂದು ಇ-ಪುಸ್ತಕದ ಆ್ಯಪಿಗೆ ಕಳಿಸಿದೆ. ಕೆಲವೇ ದಿನಗಳಲ್ಲಿ ಬೆಂಗಳೂರಿನಿಂದ ಫೋನು! ಸಿಹಿಯಾದ ದನಿಯ ಹುಡುಗಿ. "ಮೇಡಂ, ನಿಮ್ಮ ಕಾದಂಬರಿ ನಮ್ಮ ಟೀಮಿಗೆ ತುಂಬಾ ಇಷ್ಟ ಆಯ್ತು. ಎಕ್ಸ್‌ಕ್ಲೂಸಿವ್ ಆಗಿ ತಗೋತೀವಿ ಮೇಡಂ." ಎಕ್ಸ್‌ಕ್ಲೂಸಿವ್! ಆ ಪದ ಕಿವಿಗೆ ಬಿದ್ದದ್ದೇ ತಡ, ನಾನು ನೆಲದ ಮೇಲೆ ಇರಲಿಲ್ಲ. ಒಪ್ಪಂದ ಅಂತ ಉದ್ದಾನುದ್ದ ಏನೋ ಬಂತು. ಬೆರಳಿನಿಂದ ಸರ್ರನೆ ಮೇಲಕ್ಕೆ ತಳ್ಳಿ, ಕೊನೆಯಲ್ಲಿದ್ದ ಚೌಕದಲ್ಲಿ 'ಒಪ್ಪಿದ್ದೇನೆ' ಅಂತ ಒತ್ತಿದೆ. ಆ ದಿನ ಅಂಗಡಿಗೆ ಬಂದವರಿಗೆಲ್ಲ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಒಂದು ಡಜನ್ ಗುಂಡಿ ಕೊಳ್ಳಲು ಬಂದವರೂ ಮಿರ್ಚಿ ತಿಂದು ಹೋದರು.

ಯಜಮಾನರು ಮಿರ್ಚಿ ಕಡಿಯುತ್ತಾ, "ಎಕ್ಸ್‌ಕ್ಲೂಸಿವ್ ಅಂದ್ರೇನು?" ಅಂದರು.

"ಅವರ ಆ್ಯಪಿನಾಗ ಅಷ್ಟ ಇರ್ತೈತ್ರಿ. ಬ್ಯಾರೆ ಎಲ್ಲೂ ಸಿಗಂಗಿಲ್ಲ."

"ಅಂದ್ರ ನಾವು ಒಂದ ಯೂನಿಟ್ಟಿಗೆ ಅಷ್ಟ ಜಿಪ್ಪು ಮಾರಿದಂಗ. ಉಳಿದಾವ್ರು ಪ್ಯಾಂಟು ಕೈಲೆ ಹಿಡಕಂಡು ಅಡ್ಡಾಡಬೇಕು."

ಈ ಮನುಷ್ಯನಿಗೆ ಸಾಹಿತ್ಯದ ಗಂಧವೇ ಇಲ್ಲ ಅಂತ ಅಂದುಕೊಂಡೆ.

ಆದರೆ ನೋಡಿ, ಆ ಆ್ಯಪನ್ನು ನಾನು ಬೈಯುವುದಿಲ್ಲ. ಎಂಥೆಂಥ ಓದುಗರನ್ನು ತಂದುಕೊಟ್ಟಿತು! ಮಂಗಳೂರಿನ ನರ್ಸ್ ಒಬ್ಬರು ಡ್ಯೂಟಿಯ ನಡುವೆ ಓದಿ, ನೀಲಾ ಗೆಲ್ಲಲೇಬೇಕು ಅಂತ ಬರೆದರು. ಕೊಲ್ಲಿ ದೇಶದಲ್ಲಿ ಗಾಡಿ ಓಡಿಸುವ ಹಾವೇರಿಯ ಒಬ್ಬರು, ನಮ್ಮ ಕಡೆಯ ಮಾತು ಓದಿ ಊಟ ಮಾಡಿದಷ್ಟು ಸಮಾಧಾನವಾಯಿತು ಅಂದರು. ಕಾಗದದ ಪುಸ್ತಕವಾಗಿದ್ದರೆ ಇವರ ಕೈಗೆ ಯಾವ ಜನ್ಮಕ್ಕೆ ಸೇರುತ್ತಿತ್ತು? ಪ್ರತಿ ಸಲ ಫೋನು ಟಿಣ್ ಅಂದಾಗ ನನ್ನ ಎದೆಯೂ ಟಿಣ್ ಅನ್ನುತ್ತಿತ್ತು. ನನಗೆ ಖುಷಿಯಾದರೆ ಲೆಕ್ಕ ತಪ್ಪುತ್ತದೆ. ಸಣ್ಣ ಜಿಪ್ಪಿನ ಬದಲು ದೊಡ್ಡ ಜಿಪ್ಪು ಕೊಟ್ಟು ಕಳಿಸಿದ್ದಕ್ಕೆ ಲೆಕ್ಕವಿಲ್ಲ.

ತೊಂದರೆ ಶುರುವಾದದ್ದು ಹತ್ತಿರದವರಿಂದ. ಕುರುಗೋಡಿನ ಮಹಿಳಾ ಮಂಡಲದ ವಾರ್ಷಿಕೋತ್ಸವದಲ್ಲಿ ಒಂದು ಅಧ್ಯಾಯ ಓದುತ್ತೇನೆ ಅಂತ ಗಿರಿಜಾ ಸೀರೆ ಕೂಡ ಎತ್ತಿಟ್ಟುಕೊಂಡಿದ್ದಳು. ಯಾವುದಕ್ಕೂ ಇರಲಿ ಅಂತ ಬೆಂಗಳೂರಿನ ಹುಡುಗಿಯನ್ನು ಕೇಳಿದೆ. "ಅಯ್ಯೋ, ವೇದಿಕೆ ಮೇಲೆ ಓದೋ ಹಾಗಿಲ್ಲ ಮೇಡಂ. ಎಕ್ಸ್‌ಕ್ಲೂಸಿವ್ ಅಲ್ವಾ?" ಅಂದಳು. ಅಚ್ಚು ಹಾಕಿಸುವ ಹಾಗಿಲ್ಲ, ದನಿ ಕೊಡುವ ಹಾಗಿಲ್ಲ, ನನ್ನ ಫೇಸ್‌ಬುಕ್ಕಿನಲ್ಲಿ ಒಂದು ಪುಟ ಹಾಕಿಕೊಳ್ಳುವ ಹಾಗೂ ಇಲ್ಲ. ನನ್ನದೇ ಕಥೆ, ನನ್ನದೇ ಬಾಯಿ, ಬಾಯಿಗೆ ಮಾತ್ರ ಜಿಪ್ಪು. ಹತ್ತಿರದ ಗ್ರಂಥಾಲಯದವರು ಒಂದು ಪ್ರತಿ ಕೊಡ್ರಿ ಅಂತ ಎರಡು ಸಲ ಕೇಳಿದರು. ಆಮೇಲೆ ನಾನೇ ಆ ರಸ್ತೆ ಬಿಟ್ಟು ಸುತ್ತಿ ಹೋಗತೊಡಗಿದೆ.

ಎಲ್ಲಕ್ಕಿಂತ ಕಾಡಿದ್ದು ಸಿರುಗುಪ್ಪ. ಲೇಖಕರಿಗೆಂದೇ ಆ್ಯಪಿನಲ್ಲಿ ಒಂದು ನಕಾಶೆ ಇತ್ತು. ಯಾವ ಊರಲ್ಲಿ ಎಷ್ಟು ಜನ ಓದುತ್ತಿದ್ದಾರೆ ಅಂತ ಚುಕ್ಕಿಗಳು. ಬೆಂಗಳೂರಿನಲ್ಲಿ ದೊಡ್ಡ ಚುಕ್ಕಿ, ಬಳ್ಳಾರಿಯಲ್ಲಿ ನಡುವಿನದು, ಕುರುಗೋಡಿನಲ್ಲಿ ಒಂದು, ಅದು ಗಿರಿಜಾ. ನಾನು ಹುಟ್ಟಿದ ಸಿರುಗುಪ್ಪದಲ್ಲೂ ಒಂದೇ ಒಂದು! ಅದೂ ಎಂಥ ಓದುಗ? ಗುರುವಾರ ಮಧ್ಯಾಹ್ನ ಒಂದು ಅಧ್ಯಾಯ, ಆಮೇಲೆ ವಾರವಿಡೀ ಸುದ್ದಿಯಿಲ್ಲ. ಸಣ್ಣವ್ವನ ಸೊಸೆ ಸುಧಾ ಇರಬೇಕು, ಸಂಬಂಧದ ಮುಲಾಜಿಗೆ ಔಷಧಿ ಕುಡಿದ ಹಾಗೆ ಓದುತ್ತಿದ್ದಾಳೆ ಅಂದುಕೊಂಡೆ. ಸಣ್ಣವ್ವನ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು. ನನ್ನನ್ನು ಬರೆಯಲು ಹಚ್ಚಿದವಳೇ ನನ್ನ ಪುಸ್ತಕ ಓದುವ ಹಾಗಿಲ್ಲವಲ್ಲ ಅಂತ ಸಂಕಟವಾಗುತ್ತಿತ್ತು. ಫೋನಿನಲ್ಲಿ ಮಾತಾಡಿದಾಗ ನಾನೂ ಪುಸ್ತಕದ ಸುದ್ದಿ ಎತ್ತುತ್ತಿರಲಿಲ್ಲ, ಆಕೆಯೂ ಎತ್ತುತ್ತಿರಲಿಲ್ಲ. ಎದುರಿಗೆ ಹೋಗಲು ಮುಖವಿಲ್ಲದೆ ಆ ವರ್ಷ ಸಿರುಗುಪ್ಪದ ಕಡೆ ತಲೆಯನ್ನೇ ಹಾಕಿರಲಿಲ್ಲ.

ಒಪ್ಪಂದದ ವರ್ಷ ಮುಗಿಯುತ್ತಾ ಬಂತು. ಮುಂದುವರಿಸುತ್ತೀರಾ ಅಂತ ಆ್ಯಪಿನವರು ಕೇಳಿದರು. ಅದೇ ಹೊತ್ತಿಗೆ ಊರಿನ ಸಣ್ಣ ಪ್ರಕಾಶಕರೊಬ್ಬರು, "ಅಚ್ಚು ಹಾಕೋಣ್ರಿ ಅಕ್ಕಾರ" ಅಂದರು. ಸಣ್ಣವ್ವನ ಕೈಯಲ್ಲಿ ಪುಸ್ತಕ! ನಾನು ಮತ್ತೆ ನೆಲದ ಮೇಲೆ ಇರಲಿಲ್ಲ. ಈ ಸಲವೂ ಪೂರ್ತಿ ಓದದೆಯೇ 'ಮುಂದುವರಿಸುವುದಿಲ್ಲ' ಅಂತ ಒತ್ತಿದೆ. ಸಣ್ಣವ್ವನಿಗೆ ಹೇಳಲಿಲ್ಲ, ಪುಸ್ತಕ ಹಿಡಿದುಕೊಂಡೇ ಹೋಗಿ ಬೆರಗು ಮಾಡಬೇಕು ಅಂತ ಆಸೆ.

ಒಪ್ಪಂದ ಮುಗಿದ ಮೇಲಿನ ಮೊದಲ ಗುರುವಾರ ಮಧ್ಯಾಹ್ನ ಫೋನು ಬಂತು. ಸುಧಾ. ದನಿಯಲ್ಲಿ ಅಳು.

"ವಿಜಕ್ಕ, ಕತಿ ಕಾಣವಲ್ದು! ನನ್ನ ಕೈಲೆ ಏನೋ ಆತು. ಎಲ್ಲಾರೂ ಬಂದು ಕುಂತಾರ, ಅತ್ತಿ ಸಿಟ್ಟಾಗ್ಯಾರ."

"ಎಲ್ಲಾರೂ ಅಂದ್ರ ಯಾರು?"

ಅಷ್ಟರಲ್ಲಿ ಫೋನು ಕಸಿದುಕೊಂಡ ಸದ್ದು. "ಲೇ ವಿಜಿ, ನಮ್ಮ ಕತಿ ಎಲ್ಲಿಗೆ ಹೋತು?" ಸಣ್ಣವ್ವ!

ಕೇಳುತ್ತಾ ಹೋದ ಹಾಗೆ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ವರ್ಷದಿಂದ, ಪ್ರತಿ ಗುರುವಾರ, ಸಾಲಿನ ಹೆಂಗಸರೆಲ್ಲ ಸಣ್ಣವ್ವನ ಪಡಸಾಲೆಯಲ್ಲಿ ಸೇರುತ್ತಿದ್ದರಂತೆ. ಸುಧಾ ತನ್ನ ಫೋನಿನಲ್ಲಿ ಒಂದು ಅಧ್ಯಾಯ ಓದುವುದು, ಎಲ್ಲರೂ ಕೇಳುವುದು. ಒಂದೇ ಒಂದು ಅಧ್ಯಾಯ, ಕಥೆ ಅಂದರೆ ವಾರಕ್ಕೊಮ್ಮೆ ಬರುವ ವಸ್ತು ಅಂತ ಸಣ್ಣವ್ವನ ಕಾನೂನು. ಮುಂದಿನದನ್ನು ಕದ್ದು ಓದುವುದಿಲ್ಲ ಅಂತ ಸುಧಾಳಿಂದ ಮಗನ ತಲೆ ಮುಟ್ಟಿಸಿ ಆಣೆ ಮಾಡಿಸಿದ್ದಳು. ನಡುವೆ ಸೋಬಾನೆ, ಸಾವು, ಹಬ್ಬ ಅಂತ ಒಂದಷ್ಟು ವಾರ ತಪ್ಪಿದ್ದರಿಂದ ಕೊನೆಯ ಎರಡು ಅಧ್ಯಾಯ ಉಳಿದುಬಿಟ್ಟಿದ್ದವು. ಕಥೆ ಪೂರ್ತಿ ಮುಗಿಯುವವರೆಗೆ ಬರೆದವಳ ಹತ್ತಿರ ಅದರ ಮಾತೆತ್ತಬಾರದು ಅನ್ನುವುದು ಕೂಡ ಆಕೆಯದೇ ಕಾನೂನು. ನೀಲಾಳ ಯೂನಿಟ್ಟಿಗೆ ಯಾರೋ ಬೀಗ ಜಡಿದಿದ್ದಾರೆ, ಬೀಗದ ಕೈ ಹಿಡಿದವರು ಮೂಲೆಯಲ್ಲಿ ನಿಂತಿದ್ದಾರೆ, ಅಲ್ಲಿಗೆ ಅಧ್ಯಾಯ ಮುಗಿದಿತ್ತು. ಮುಂದಿನ ಗುರುವಾರ ಬಂತು, ಕಥೆ ಬರಲಿಲ್ಲ.

ನನ್ನ ನಕಾಶೆಯ ಒಂಟಿ ಚುಕ್ಕಿಯ ಒಳಗೆ ಒಂದು ಪಡಸಾಲೆ ತುಂಬ ಜನ ಕೂತಿದ್ದರು! ಖುಷಿಗೆ ನನಗೆ ಮೈ ಜುಮ್ಮೆಂದಿತು. ಮರುಕ್ಷಣವೇ ಹೊಳೆಯಿತು, ಕಥೆಯನ್ನು ಮಾಯ ಮಾಡಿದವಳು ನಾನೇ. ಚಂದಾ ಕಟ್ಟಿ ಓದುವವರ ಫೋನಿನಲ್ಲಿ ಪುಸ್ತಕ ಇರುವುದು ಒಪ್ಪಂದ ಇರುವವರೆಗೆ ಮಾತ್ರ, ಮುಗಿದ ದಿನ ಅದೂ ಹೋಗುತ್ತದೆ ಅಂತ ಆ ಉದ್ದಾನುದ್ದ ಬರಹದಲ್ಲಿ ಇತ್ತಂತೆ. ಯಾರು ಓದಿದ್ದರು?

"ಮತ್ತ ಹಂಗ ಆತೇನಲೇ?" ಅಂದಳು ಸಣ್ಣವ್ವ. ಸಿಟ್ಟಿರಲಿಲ್ಲ, ಸಣ್ಣ ದನಿ. ಕಮಲಾಕ್ಷಿಯ ಹೆಸರನ್ನು ಅವಳು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಒಂದು ಜನ್ಮಕ್ಕೆ ಕೊನೆಯಿಲ್ಲದ ಒಂದು ಕಥೆ ಸಾಕು, ಎರಡನೆಯದನ್ನು ನನ್ನ ಕೈಯಿಂದಲೇ ಅವಳಿಗೆ ಕೊಟ್ಟರೆ ನಾನು ಯಾವ ಸೀಮೆಯ ಲೇಖಕಿ?

ಬೆಂಗಳೂರಿನ ಹುಡುಗಿಗೆ ಫೋನು ಹಚ್ಚಿದೆ. "ಎರಡೇ ವಾರ ವಾಪಸ್ ಹಾಕ್ರಿ ತಾಯಿ."

"ಅಯ್ಯೋ, ವಾಪಸ್ ಹಾಕ್ಬೇಕು ಅಂದ್ರೆ ಇನ್ನೊಂದು ವರ್ಷಕ್ಕೆ ಎಕ್ಸ್‌ಕ್ಲೂಸಿವ್ ಆಗ್ಬೇಕು ಮೇಡಂ. ಪ್ರಿಂಟ್ ಮಾಡೋ ಹಾಗಿಲ್ಲ." ಪಾಪ, ಅವಳಾದರೂ ಏನು ಮಾಡಿಯಾಳು? "ಅಷ್ಟು ಜನ ಒಟ್ಟಿಗೆ ಕೂತು ಕೇಳ್ತಾ ಇದ್ರಾ ಮೇಡಂ?" ಅಂತ ಆಶ್ಚರ್ಯದಿಂದ ಕೇಳಿದಳು. "ನಮ್ಮ ಲೆಕ್ಕದಲ್ಲಿ ಒಬ್ರೇ ತೋರಿಸ್ತಿತ್ತಲ್ವಾ?"

ಗಿರಿಜಾಳಿಗಂತೂ ಕಥೆ ಪೂರ್ತಿ ಗೊತ್ತಿತ್ತು. ಸುದ್ದಿ ತಿಳಿದು, ಫೋನಿನಲ್ಲಿ ಕೊನೆ ಹೇಳಿಬಿಡುತ್ತೇನೆ ಅಂತ ಅವಳೇ ಸಿರುಗುಪ್ಪಕ್ಕೆ ಫೋನು ಮಾಡಿದಳಂತೆ. ಸಣ್ಣವ್ವ, "ಬಾಯಿ ಮುಚ್ಚು. ಬರದಾಕಿ ಇನ್ನೂ ಜೀವಂತ ಅದಾಳ" ಅಂದು ಫೋನು ಇಟ್ಟಳಂತೆ. ಗಿರಿಜಾ ನನಗೆ ಫೋನು ಮಾಡಿ, "ನಾನೂ ಒಂದು ಉಪಕಾರ ಮಾಡಾಕ ಹೋದ್ರ ನೋಡ್ರಿ ಅತ್ತಿಗಿ" ಅಂತ ಕುರುಗೋಡು ಕೇಳುವಷ್ಟು ಗಟ್ಟಿಯಾಗಿ ದೂರಿದಳು.

ಅಚ್ಚಿನ ಪುಸ್ತಕ ಬರಲು ಇನ್ನೂ ದಿನ ಬೇಕಿತ್ತು. ಆದರೆ ಕರಡಚ್ಚು ತಿದ್ದಲು ಪ್ರಕಾಶಕರು ಹಾಳೆಗಳನ್ನು ಕೊಟ್ಟಿದ್ದರು. ಮುಂದಿನ ಗುರುವಾರ ಕೊನೆಯ ಎರಡು ಅಧ್ಯಾಯಗಳ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಒಪ್ಪಂದ ಮುಗಿದಿದೆ, ಬಾಯಿ ನನ್ನದು, ಕಥೆ ನನ್ನದು! ಕಾಲುವೆಯ ಆಚೀಚೆ ಹಸಿರು ಭತ್ತ ನೋಡುತ್ತಾ, ಪಕ್ಕದಲ್ಲಿ ಕೂತಿದ್ದ ಪರಿಚಯವಿಲ್ಲದ ಹೆಂಗಸಿಗೆ ಈ ಕಥೆಯನ್ನೆಲ್ಲ ಹೇಳಿಬಿಟ್ಟೆ. ಆಕೆ ತನ್ನ ಊರು ಬಂದಾಗ ಇಳಿಯಲು ಮನಸ್ಸಿಲ್ಲದೆ ಇಳಿದಳು.

ಪಡಸಾಲೆ ತುಂಬಿತ್ತು. ಮಲ್ಲಿಗೆ ಕಟ್ಟುತ್ತಾ ಹುಸೇನಬಿ, ಮೊರ ಹಿಡಿದುಕೊಂಡು ಲಕ್ಷ್ಮಮ್ಮ, ಬಾಗಿಲಿಗೆ ಒರಗಿಕೊಂಡು ಸೊಸೆಯಂದಿರು, ನಡುವೆ ಕನ್ನಡಕ ಏರಿಸಿಕೊಂಡು ಸಣ್ಣವ್ವ. ನಾನು ಚಪ್ಪಲಿ ಬಿಟ್ಟು ಬಾಗಿಲಲ್ಲಿ ಅಭ್ಯಾಸದಂತೆ ಬಾಯಿ ತೆರೆದೆ. "ಮೊದ್ಲು ನೀಲಾ, ಆಮ್ಯಾಲ ಕಮಲಾಕ್ಷಿ. ಕುಂಡ್ರು" ಅಂದಳು ಸಣ್ಣವ್ವ.

ಓದತೊಡಗಿದೆ. ನನ್ನ ಜೀವಮಾನದಲ್ಲಿ ಅಂಥ ಓದು ಓದಿಲ್ಲ. ನೀಲಾ ಬೀಗದ ಮುಂದೆ ನಿಂತಾಗ ಹುಸೇನಬಿಯ ಕೈಯಲ್ಲಿ ದಾರ ನಿಂತುಹೋಯಿತು. ಬೀಗದ ಕೈ ಹಿಡಿದವನ ಹೆಸರು ಬಂದಾಗ ಲಕ್ಷ್ಮಮ್ಮ ಮೊರ ಕೆಳಗಿಟ್ಟು, "ಛೀ, ವಾಡೇನಾ! ಅವನೇನಾ!" ಅಂತ ತೆಲುಗಿನಲ್ಲೂ ಕನ್ನಡದಲ್ಲೂ ಉಗಿದಳು. ಒಬ್ಬಳು, "ನಾ ಅಂದಿದ್ನಿಲ್ಲ, ಆ ನೀಲಾನ ಭಾವ ಸರಿ ಇಲ್ಲ ಅಂತ?" ಅಂತ ಎಲ್ಲರ ಮುಖ ನೋಡಿದಳು. ಯೂನಿಟ್ಟಿಗೆ ಹೋಗುವ ಸೊಸೆಯೊಬ್ಬಳು, "ವಿಜಕ್ಕ, ಆ ಮಷೀನು ಒಬ್ಬಾಕಿ ಎತ್ತಾಕ ಬರಂಗಿಲ್ರಿ" ಅಂದಳು. ಅಲ್ಲೇ ಪೆನ್ನು ತೆಗೆದು ಇಬ್ಬರು ಅಂತ ತಿದ್ದಿದೆ. ನಕಾಶೆಯ ಚುಕ್ಕಿಗಳು ಎಂದೂ ಹೀಗೆ ಉಗಿದಿರಲಿಲ್ಲ, ಎಂದೂ ಹೀಗೆ ಕಣ್ಣು ಒರೆಸಿಕೊಂಡಿರಲಿಲ್ಲ. ನಾನು ಓದುತ್ತಿದ್ದೆನೋ ಅವರ ಮುಖ ನೋಡುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

ಅಧ್ಯಾಯ ಮುಗಿಸಿ ಉಸಿರು ತೆಗೆದುಕೊಂಡು ಮುಂದಿನ ಹಾಳೆ ತಿರುಗಿಸಿದೆ. ಸಣ್ಣವ್ವ ಕೈ ಅಡ್ಡ ಇಟ್ಟಳು.

"ಸಾಕು. ಉಳಿದದ್ದು ಮುಂದಿನ ಗುರುವಾರ."

"ಸಣ್ಣವ್ವ! ನಾನು ಬಳ್ಳಾರಿಂದ ಅಂಗಡಿ ಬಿಟ್ಟು ಬಂದೀನಿ!"

"ಮತ್ತ ಬಾ. ಬಸ್ಸು ಇಲ್ಲೇನು? ಗಬಗಬ ಮುಗಿಸಿದ್ರ ವಾರದಾಗ ಏನು ಮಾಡೋಣು ನಾವು?"

ಎಲ್ಲರೂ ತಲೆಯಾಡಿಸಿದರು. ಕೊನೆಗಾಗಿ ಅತ್ತವರೇ ಈಗ ಕೊನೆ ಬೇಡ ಅಂತ ಎದ್ದು ಹೋದರು. ಮನೆಗೆ ಬಂದು ಮುಂದಿನ ವಾರವೂ ಹೋಗಬೇಕು ಅಂದಾಗ ಯಜಮಾನರು, "ಇದು ಆ ಬೆಂಗ್ಳೂರಿನಾವರಿಗಿಂತ ಜೋರು ಐತಲ್ಲ" ಅಂದರು.

ಮುಂದಿನ ಗುರುವಾರ ಕಥೆ ಮುಗಿಯಿತು. ಕೊನೆ ಏನಾಯಿತು ಅಂತ ಹೇಳುವುದಿಲ್ಲ, ಅಚ್ಚಾಗಿ ಬಂದಿದೆ, ಗ್ರಂಥಾಲಯದಲ್ಲಿ ಸಿಗುತ್ತದೆ. ನಾನೀಗ ಆ ರಸ್ತೆಯಲ್ಲೇ ಎದೆಯೆತ್ತಿ ಹೋಗುತ್ತೇನೆ. ಹೆಂಗಸರೆಲ್ಲ ಹೋದ ಮೇಲೆ ಸಣ್ಣವ್ವ ಒಳಗಿನಿಂದ ದಬ್ಬಣ, ಸುತಳಿ ತಂದು ನನ್ನ ಆ ಕರಡಚ್ಚಿನ ಹಾಳೆಗಳನ್ನು ಹೊಲಿದಳು. ವಯಸ್ಸಾದ ಕೈ, ಆದರೂ ಒಂದು ಹೊಲಿಗೆ ತಪ್ಪಲಿಲ್ಲ. ನನ್ನ ಕಾದಂಬರಿಯ ಮೊದಲ ಮುದ್ರಿತ ಪುಸ್ತಕದಲ್ಲಿ ಕೊನೆಯ ಎರಡೇ ಅಧ್ಯಾಯಗಳಿವೆ. ನನಗೆ ಅಳು ಬಂತು. "ಅಳಬ್ಯಾಡ, ಹಾಳಿ ಹಸಿ ಆಕ್ಕಾವು" ಅಂದಳು.

ಆಮೇಲೆ ಮತ್ತೆ ಒಳಗೆ ಹೋಗಿ ಇನ್ನೊಂದು ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ರಟ್ಟಿನ ಮೇಲೆ ಮಾಸಿದ ನೀಲಿ ಬಣ್ಣ. ಕಮಲಾಕ್ಷಿ. ಹಿಂದಿನ ಖಾಲಿ ಹಾಳೆಗಳು ಹಳದಿಯಾಗಿದ್ದವು, ಆದರೂ ಖಾಲಿಯೇ.

"ಬರಿ" ಅಂದಳು.

"ನಾನು ಎಷ್ಟು ಸಲ ಹೇಳಿಲ್ಲ ಸಣ್ಣವ್ವ? ಎಲ್ಲಾದಕ್ಕೂ ಅಲ್ಲ ಅಂದಿ."

"ಅವಾಗ ನೀ ಬಾಯಿಗೆ ಬಂದದ್ದು ಹೇಳ್ತಿದ್ದಿ. ಮುಗಸಾಕ ಬರ್ತೈತಿ ನಿನಗ ಅಂತ ಈಗ ಗೊತ್ತಾತು."

"ಯಾರು ಇಳೀಬೇಕು, ಹೇಳು. ನಿನ್ನ ಮನಸಿನಾಗ ಯಾರದಾರ?"

"ನನಗೇನ್ ಗೊತ್ತು? ಅದನ್ನ ತಿಳಕಳ್ಳಾಕ ಅಲ್ಲೇನು ಇಷ್ಟು ವರ್ಷ ಕುಂತಿದ್ದು?"

ಆಮೇಲೆ ಶರತ್ತುಗಳು ಬಂದವು. ವಾರಕ್ಕೊಂದು ಅಧ್ಯಾಯ, ಗುರುವಾರ. ಕೈಬರಹದಲ್ಲಿ, ಈ ಹಾಳೆಗಳಲ್ಲೇ, ಸಾಲದಿದ್ದರೆ ಹೊಸ ಹಾಳೆ ಸೇರಿಸಿ ನಾನೇ ಹೊಲಿಯಬೇಕು. ಫೋನಿಗೆ ಹಾಕುವ ಹಾಗಿಲ್ಲ. ಅಚ್ಚು ಹಾಕಿಸುವ ಹಾಗಿಲ್ಲ. ಸುಧಾ ಓದುವ ಹಾಗಿಲ್ಲ, ಗಿರಿಜಾ ಹೆಸರನ್ನೇ ಎತ್ತುವ ಹಾಗಿಲ್ಲ. ಓದು ಕೇಳುವವರು ಒಬ್ಬರೇ. "ನೀಲಾ ಎಲ್ಲಾರಿಗೂ ಇರ್ಲಿ. ಈಕಿ ಮಾತ್ರ ನನಗ ಅಷ್ಟ. ಒಪ್ಪಿಗಿ ಐತೇನು?" ಒಂದೊಂದು ಶರತ್ತನ್ನೂ ಪೂರ್ತಿ ಕೇಳಿಸಿಕೊಂಡೆ. ನನ್ನ ಜೀವನದಲ್ಲಿ ಪೂರ್ತಿ ಕೇಳಿಸಿಕೊಂಡು ಒಪ್ಪಿದ ಒಪ್ಪಂದ ಇದೊಂದೇ. ಒಪ್ಪಿದೆ ಅಂದದ್ದೇ ತಡ, ದಬ್ಬಣವನ್ನು ಕುಪ್ಪಸದ ತುಂಡಿನಲ್ಲಿ ಸುತ್ತಿ ಕೈಗಿಟ್ಟಳು. "ಅಡ್ವಾನ್ಸು" ಅಂದಳು.

ಅಂದಿನಿಂದ ನಾನು ಗುರುವಾರ ಅಂಗಡಿಯಲ್ಲಿ ಇರುವುದಿಲ್ಲ. ಕಮಲಾಕ್ಷಿಯನ್ನು ಆ ಸ್ಟೇಷನ್ನಿನಲ್ಲಿ ನಿಲ್ಲಿಸಿ, ಗಾಡಿಯ ಬಾಗಿಲನ್ನು ನಾನು ಬಹಳ ಹೆದರಿಕೊಂಡು ತೆರೆದೆ. ಹೋದ ಗುರುವಾರ ಮಧ್ಯಾಹ್ನ, ಸಣ್ಣವ್ವನ ಪಡಸಾಲೆಯಲ್ಲಿ, ಬಾಗಿಲು ಹಾಕಿಕೊಂಡು ಓದಿದೆ. ಇಳಿದವರ ಹೆಸರು ಬಂತು. ಓದು ನಿಲ್ಲಿಸಿ ಅವಳ ಮುಖ ನೋಡಿದೆ. ಸಣ್ಣವ್ವ ಕನ್ನಡಕ ತೆಗೆದಳು. ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು. ಆಮೇಲೆ ಮೆಲ್ಲಗೆ, "ಹೌದಲ್ಲಲೇ" ಅಂದಳು.

ಗಾಡಿಯಿಂದ ಇಳಿದವರು ಯಾರು ಅಂತ ನಿಮಗೆ ಹೇಳಬೇಕೆಂದು ನನಗೆ ನಾಲಿಗೆ ತುರಿಸುತ್ತಿದೆ. ಯಜಮಾನರಿಗೂ ಹೇಳಿಲ್ಲ. ಏನು ಮಾಡಲಿ, ಹೇಳುವ ಹಾಗಿಲ್ಲ. ಒಪ್ಪಂದವಾಗಿದೆ, ಅಡ್ವಾನ್ಸು ಕೂಡ ತೆಗೆದುಕೊಂಡಿದ್ದೇನೆ.